ಮರ ಎಷ್ಟು ನೀರು ಎಳೀತದೆ ಅಂತ ಅಳೆಯೋದಾದ್ರೆ ಮೊದ್ಲು ಸೊನ್ನೆ ಸರಿ ಮಾಡ್ಕೊಳ್ಳಿ

ಒಂದು ಜನವರಿ ಪೂರ್ತಿ ಹಿರಿಯಡ್ಕದ ಹತ್ರ ಒಂದು ಹಲಸಿನ ಮರಕ್ಕೆ ಸೆನ್ಸರ್ ಹಾಕಿ ಡೇಟಾ ತೆಗ್ದಿದ್ದೆ, ಗ್ರಾಫ್ ನೋಡ್ಲಿಕ್ಕೆ ಚಂದ ಇತ್ತು, ಬೆಳಿಗ್ಗೆ ಏರ್ತದೆ ಸಂಜೆ ಇಳೀತದೆ, ಆದ್ರೆ ಲೆಕ್ಕ ಮಾತ್ರ ತಪ್ಪು. ರಾತ್ರಿ ಆದ್ರೆ ಮರ ನೀರು ಎಳೆಯೋದು ಪೂರ್ತಿ ನಿಲ್ತದೆ ಅಂತ ಅಂದ್ಕೊಂಡು ದಿನಾ ರಾತ್ರಿಯ ರೀಡಿಂಗನ್ನೇ ಸೊನ್ನೆ ಅಂತ ಹಿಡಿದಿದ್ದೆ. ಆ ತಿಂಗಳು ರಾತ್ರಿ ಮೂಡಣ ಗಾಳಿ ಒಣಗಿ ಬೀಸ್ತಾ ಇತ್ತು, ಮರ ರಾತ್ರಿಯೂ ಸ್ವಲ್ಪ ಸ್ವಲ್ಪ ಎಳೀತಾನೇ ಇತ್ತು. ಹೊಸದಾಗಿ ಶುರು ಮಾಡುವವರಿಗೆ ಅದೇ ತಪ್ಪು ಆಗ್ಬಾರ್ದು ಅಂತ ಇದನ್ನು ಬರೀತಿದ್ದೇನೆ.

ವಿಧಾನ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೇನೆ. ನಾನು ಬಳಸೋದು ಫ್ರಾನ್ಸಿನ ಆಂದ್ರೆ ಗ್ರಾನಿಯೆ 1985ರಲ್ಲಿ ಕೊಟ್ಟ ವಿಧಾನ. ಎರಡು ಸೂಜಿ, 20 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ, ಒಂದರ ಕೆಳಗೆ ಇನ್ನೊಂದು, ಮಧ್ಯ ಸುಮಾರು 10 ಸೆಂಟಿಮೀಟರ್. ಮೇಲಿನದ್ದನ್ನು 0.2 ವಾಟಿನಲ್ಲಿ ಸದಾ ಬಿಸಿ ಮಾಡ್ತಾ ಇರ್ತೇವೆ, ಕೆಳಗಿನದ್ದು ಮರ ಎಷ್ಟು ಬೆಚ್ಚಗೆ ಉಂಟೋ ಅಷ್ಟೇ. ನೀರು ಮೇಲೆ ಹೋಗುವಾಗ ಬಿಸಿಯನ್ನೂ ಎತ್ಕೊಂಡು ಹೋಗ್ತದೆ, ಹಾಗಾಗಿ ಎರಡರ ಮಧ್ಯದ ವ್ಯತ್ಯಾಸ ಕಮ್ಮಿ ಆಗ್ತದೆ. ನೀರು ನಿಂತಾಗಿನ ವ್ಯತ್ಯಾಸದಿಂದ (ಇದನ್ನೇ ಸೊನ್ನೆ ಅನ್ನೋದು) ಈಗಿನ ವ್ಯತ್ಯಾಸ ಕಳೆದು, ಬಂದದ್ದನ್ನು ಈಗಿನ ವ್ಯತ್ಯಾಸದಿಂದ ಭಾಗಿಸಿ, ಅದನ್ನು 1.231ರ ಘಾತಕ್ಕೆ ಏರಿಸಿ 118.99ರಿಂದ ಗುಣಿಸಿದ್ರೆ ನೀರು ಹರಿಯುವ ಮರದ ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಗ್ರಾಂ ಅಂತ ಸಿಗ್ತದೆ.

ಈಗ ಲೆಕ್ಕ ಹಾಕಿ ನೋಡಿ. ಸೊನ್ನೆ 10.0 ಡಿಗ್ರಿ, ಮಧ್ಯಾಹ್ನದ ರೀಡಿಂಗ್ 8.0 ಡಿಗ್ರಿ ಅಂದ್ರೆ ಉತ್ತರ ಸುಮಾರು 21.6 ಗ್ರಾಂ. ನಿಜವಾದ ಸೊನ್ನೆ 10.3 ಆಗಿದ್ರೆ? 25.7 ಗ್ರಾಂ. ಬರೀ 0.3 ಡಿಗ್ರಿಗೆ ಹತ್ತಿರ ಹತ್ತಿರ ಶೇಕಡ 16ರಷ್ಟು ಹೋಯ್ತು! ರೀಡಿಂಗ್ ಬರೆದಿಡುವ ಲಾಗರ್ ಎಷ್ಟು ದುಬಾರಿಯದ್ದು ತಂದ್ರೂ ಇದನ್ನು ಸರಿ ಮಾಡ್ಲಿಕ್ಕೆ ಆಗುದಿಲ್ಲ.

ಹಾಗಾದ್ರೆ ಸೊನ್ನೆ ಯಾವಾಗ ತಗೊಳ್ಳೋದು? ಮರದ ಹತ್ರವೇ ಒಂದು ಉಷ್ಣತೆ ಮತ್ತು ತೇವಾಂಶದ ಸೆನ್ಸರ್ ಇಟ್ಟು ವಿಪಿಡಿ ಲೆಕ್ಕ ಮಾಡಿ, ಅಂದ್ರೆ ಗಾಳಿಗೆ ಇನ್ನೂ ಎಷ್ಟು ನೀರು ಕುಡಿಯುವ ದಾಹ ಉಂಟು ಅನ್ನೋದರ ಅಳತೆ. ಅದು 0.1 ಕಿಲೋಪಾಸ್ಕಲ್‌ಗಿಂತ ಕೆಳಗೆ ಒಂದೆರಡು ಗಂಟೆಯಾದ್ರೂ ನಿಂತ ರಾತ್ರಿಯನ್ನು ಮಾತ್ರ ಆರಿಸ್ಕೊಳ್ಳಿ, ಅದ್ರಲ್ಲೂ ಬೆಳಗಿನ ಜಾವದ ರೀಡಿಂಗ್, ಯಾಕಂದ್ರೆ ಸಂಜೆ ಆದ ಕೂಡ್ಲೇ ನೀರು ನಿಲ್ಲುದಿಲ್ಲ, ಹಗಲು ಖಾಲಿಯಾದ ಕಾಂಡ ಮೊದ್ಲು ತುಂಬಿಕೊಳ್ತದೆ. 25 ಡಿಗ್ರಿಯಲ್ಲಿ ಆ 0.1 ಅಂದ್ರೆ ತೇವಾಂಶ ಹೆಚ್ಚುಕಮ್ಮಿ ಶೇಕಡ 97, ಹಾಗಾಗಿ ತೇವಾಂಶದ ಸೆನ್ಸರ್ ಎರಡು ಮೂರು ಶೇಕಡ ತಪ್ಪು ತೋರಿಸಿದ್ರೂ ಎಲ್ಲ ಕೆಟ್ಟಿತು, ರಾತ್ರಿಯಿಡೀ ಮಳೆ ಹೊಯ್ದ ದಿನ ಅದು ನೂರರ ಹತ್ರ ತೋರಿಸ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿ. ನಮ್ಮೂರಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಗಾಲ) ಇಂಥ ರಾತ್ರಿಗೆ ಬರ ಇಲ್ಲ. ಕಷ್ಟ ಇರೋದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಆಗ ಏಳರಿಂದ ಹತ್ತು ದಿನದ ಗುಂಪಿನಲ್ಲಿ ಅತಿ ತೇವದ ರಾತ್ರಿ ಒಂದನ್ನು ಹಿಡಿದು ಅದನ್ನೇ ಆ ಗುಂಪಿಗೆಲ್ಲ ಬಳಸಿ. ಹಾಗಂತ ಆಟಿಯ ಸೊನ್ನೆಯನ್ನು ಜನವರಿಗೆ ತರ್ಬೇಡಿ, ಮರದ ತೇವ ಬದಲಾದ ಹಾಗೆ ಸೊನ್ನೆಯೂ ಜರುಗ್ತದೆ.

ಎರಡನೇ ದೊಡ್ಡ ತಪ್ಪು ಆಳದ್ದು. ಹಲಸಿನ ಮರ ಕೊಯ್ದದ್ದನ್ನು ನೋಡಿದವರಿಗೆ ಗೊತ್ತು, ಒಳಗೆ ಹಳದಿ ಕೆಚ್ಚು, ಸುತ್ತ ಬಿಳಿ. ಆಚಾರಿ ದಾರಂದಕ್ಕೆ ಕೆಚ್ಚು ಬೇಕು ಅಂತಾರೆ, ನಮಗೆ ಬೇಕಾದ್ದು ಅವರು ಬಿಸಾಡುವ ಆ ಬಿಳಿ, ನೀರು ಹೋಗೋದು ಅದ್ರಲ್ಲೇ. ಸೂಜಿಯ 15 ಮಿಲಿಮೀಟರ್ ಬಿಳಿಯಲ್ಲಿ, 5 ಮಿಲಿಮೀಟರ್ ಕೆಚ್ಚಿನಲ್ಲಿ ಇದ್ರೆ ಆ 5 ಮಿಲಿಮೀಟರ್ ಬಿಸಿಯಾಗೇ ಕೂತು ಒಟ್ಟು ರೀಡಿಂಗನ್ನು ಹಾಳು ಮಾಡ್ತದೆ. ಇದಕ್ಕೆ 1999ರಲ್ಲಿ ಕ್ಲಿಯರ್‌ವಾಟರ್ ಮತ್ತು ಜೊತೆಯವರು ಕೊಟ್ಟ ತಿದ್ದುಪಡಿ ಉಂಟು: ಸೊನ್ನೆಯನ್ನು ಕೆಚ್ಚಿನ ಪಾಲಿನಿಂದ ಗುಣಿಸಿ ರೀಡಿಂಗಿನಿಂದ ಕಳೆದು, ಉಳಿದದ್ದನ್ನು ಬಿಳಿಯ ಪಾಲಿನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 8.0 ಅನ್ನೋದು 7.33 ಆಗ್ತದೆ, 21.6 ಗ್ರಾಂ ಇದ್ದದ್ದು 34 ದಾಟ್ತದೆ. ಬಿಳಿ ಎಷ್ಟು ಆಳ ಅಂತ ಊಹೆ ಮಾಡ್ಬೇಡಿ, ಇನ್‌ಕ್ರಿಮೆಂಟ್ ಬೋರರ್‌ನಲ್ಲಿ ಪೆನ್ಸಿಲ್‌ನಷ್ಟು ದಪ್ಪದ ಒಂದು ಕಡ್ಡಿ ತೆಗೆದು ನೋಡಿ, ಹಲಸಲ್ಲಾದ್ರೆ ಬಣ್ಣ ಕಣ್ಣಿಗೇ ಕಾಣ್ತದೆ. ಅಳತೆ ತೊಗಟೆಯ ಒಳಗಿಂದ ಶುರು ಆಗ್ಬೇಕು, ತೊಗಟೆ ಸೇರಿಸಿ ಅಲ್ಲ.

ತೂತು ಕೊರೆಯುವಾಗ ಹಲಸಿನ ಮೇಣ ಡ್ರಿಲ್ ಬಿಟ್ಟಿಗೆ ಅಂಟಿ ಬಿಸಿಯಾಗಿ ಮರವನ್ನೇ ಸುಡ್ತದೆ. ಅದಕ್ಕೆ ತೊಗಟೆಯನ್ನು ಮೊದ್ಲು ಸಣ್ಣ ಕಿಟಕಿಯ ಹಾಗೆ ಕೆತ್ತಿ ತೆಗೆದು, ಮೇಣ ಸುರಿದು ನಿಲ್ಲುವಷ್ಟು ಹೊತ್ತು ಬಿಟ್ಟು, ಆಮೇಲೆ ನಿಧಾನ ಸ್ಪೀಡಿನಲ್ಲಿ ಕೊರೀರಿ, ಬಿಟ್ಟನ್ನು ಆಗಾಗ ಹೊರಗೆ ತೆಗೆದು ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒಣ ಬಟ್ಟೆಯಲ್ಲೂ ಒರೆಸಿ. ಎರಡು ತೂತೂ ಒಂದೇ ನೇರದಲ್ಲಿ, ಕಾಂಡಕ್ಕೆ ಲಂಬವಾಗಿ ಬರ್ಬೇಕು.

ಕರೆಂಟಿನ ವಿಷ್ಯ ಯಾರೂ ಹೇಳುದಿಲ್ಲ. ಬ್ಯಾಟರಿ ಇಳಿದು ಹೀಟರಿನ ಕರೆಂಟ್ ಶೇಕಡ 5 ಕಮ್ಮಿ ಆದ್ರೆ ಬಿಸಿ ಹತ್ತಿರ ಶೇಕಡ 10 ಕಮ್ಮಿ, ಆಗ ಒಂದು ಹನಿ ನೀರೂ ಹೋಗದ ಮರ ಏಳೂವರೆ ಗ್ರಾಂಗಿಂತಲೂ ಹೆಚ್ಚು ಎಳೆದ ಹಾಗೆ ತೋರಿಸ್ತದೆ. ಒಂದೊಂದು ಸೂಜಿಗೂ ಬೇರೆ ಬೇರೆ ಸ್ಥಿರ ಕರೆಂಟಿನ ಸರ್ಕ್ಯೂಟ್ ಹಾಕಿ, ಎಲ್‌ಎಂ317 ಚಿಪ್ಪಿನಲ್ಲೇ ಆಗ್ತದೆ. ಸೂಜಿಯೊಳಗೆ ಉಷ್ಣತೆ ಅಳೆಯುವ ಥರ್ಮೋಕಪಲ್‌ನಿಂದ ಡಿಗ್ರಿಗೆ ಬರೋದು ಸುಮಾರು 40 ಮೈಕ್ರೋವೋಲ್ಟ್ ಮಾತ್ರ, ತುಕ್ಕು ಹಿಡಿದ ಒಂದು ಜಾಯಿಂಟ್ ಸಾಕು ಅದನ್ನು ನುಂಗ್ಲಿಕ್ಕೆ. ಅಡಿಕೆಗೆ ಮದ್ದು ಬಿಡುವ ತೋಟ ಆದ್ರೆ ಬೋರ್ಡೋ ದ್ರಾವಣ ಜಾಯಿಂಟಿಗೆ ಬೀಳದ ಹಾಗೆ ಮುಚ್ಚಿ, ಮದ್ದು ಬಿಡ್ಲಿಕ್ಕೆ ಬರುವವರಿಗೆ ವಯರ್ ಎಲ್ಲಿ ಹೋಗ್ತದೆ ಅಂತ ಮುಂಚೆಯೇ ತೋರಿಸಿ.

ಬಿಸಿಲು ಕಾಂಡಕ್ಕೆ ಬಿದ್ರೆ ಹೀಟರ್ ಇಲ್ಲದೆಯೂ ಎರಡು ಸೂಜಿಯ ಮಧ್ಯ ವ್ಯತ್ಯಾಸ ಬರ್ತದೆ. ಸೂಜಿಯ ಮೇಲೆ ಕೆಳಗೆ ಧಾರಾಳವಾಗಿ ಬೆಳ್ಳಿ ಬಣ್ಣದ ಬಬಲ್ ಶೀಟ್ ಸುತ್ತಿ, ಆದ್ರೂ ತಿಂಗಳಿಗೊಮ್ಮೆ ಹೀಟರ್ ಎರಡು ದಿನ ಆಫ್ ಮಾಡಿ ರೀಡಿಂಗ್ ತೆಗೀರಿ, ಬಂದದ್ದನ್ನು ಲೆಕ್ಕದಿಂದ ಕಳೆಯಿರಿ. ಮಳೆಗಾಲದಲ್ಲಿ ಕಾಂಡದ ಮೇಲೆ ಇಳಿಯುವ ನೀರು ಸೂಜಿಯನ್ನು ತಣ್ಣಗೆ ಮಾಡ್ತದೆ, ಅದಕ್ಕೆ ಉಪಾಯ ರಬ್ಬರ್ ತೋಟದಲ್ಲೇ ಉಂಟು, ಟ್ಯಾಪಿಂಗ್‌ಗೆ ಲಂಗದ ಹಾಗೆ ಕಟ್ಟುವ ಆ ರೈನ್ ಗಾರ್ಡ್ ಪ್ಲಾಸ್ಟಿಕ್, ಅದೇ ಅಂಟಿನಲ್ಲಿ ಸೂಜಿಯ ಮೇಲೆ ಒಂದು ಕಟ್ಟಿ. ಶೀಟಿನ ಒಳಗೆ ಒರಲೆ ಮನೆ ಮಾಡ್ತದಾ ಅಂತ ವಾರಕ್ಕೊಮ್ಮೆ ನೋಡ್ತಾ ಇರಿ.

ಅಡಿಕೆ, ತೆಂಗಿಗೆ ಇದೇ ಸೂತ್ರ ಹಾಕ್ಬಹುದಾ ಅಂತ ಕೇಳ್ತಾರೆ. ಹಾಗೇ ಹಾಕ್ಬೇಡಿ. ಅವಕ್ಕೆ ಕೆಚ್ಚು ಬಿಳಿ ಅಂತ ಇಲ್ಲ, ನೀರಿನ ನಾಳಗಳು ಕಾಂಡದಲ್ಲೆಲ್ಲ ಚದುರಿ ಇರ್ತವೆ, 118.99 ಅನ್ನೋದು ಅಂಥ ಕಾಂಡಕ್ಕೆ ಮಾಡಿದ್ದಲ್ಲ. ಜೊತೆಗೆ ಅಡಿಕೆ ಮರದ ಗಾಯ ಮುಚ್ಚುದಿಲ್ಲ, ಆ ತೂತು ಮರ ಇರುವಷ್ಟು ಕಾಲ ಹಾಗೇ ಇರ್ತದೆ, ಫಲ ಬರುವ ಮರಕ್ಕೆ ನಾಲ್ಕಾರು ಕಡೆ ಚುಚ್ಚಿ ನೋಡುವ ಅಂತ ದಯವಿಟ್ಟು ಮಾಡ್ಬೇಡಿ.

ಅಡಿಕೆಯಾಗಲಿ ಬೇರೆ ಯಾವುದೇ ಆಗಲಿ, ನಿಮ್ಮ ಮರದ ಜಾತಿಗೇ ಕ್ಯಾಲಿಬ್ರೇಷನ್ ಮಾಡೋದು ಒಳ್ಳೆದು. ಸೂಜಿ ಹಿಡಿಯುವಷ್ಟು ದಪ್ಪದ ಗಿಡ ದೊಡ್ಡ ಡ್ರಮ್ಮಿನಲ್ಲಿ ಇದ್ರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿ, ಡ್ರಮ್ಮನ್ನು ತೂಕದ ಮೆಷಿನ್ ಮೇಲೆ ಇಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ಅರ್ಧರ್ಧ ಗಂಟೆಗೆ ತೂಕ ಬರೀರಿ. ಕಮ್ಮಿಯಾದ ತೂಕ ಮರ ಎಳೆದ ನೀರು. ಅದನ್ನು ಸೂಜಿಯ ಲೆಕ್ಕದ ಪಕ್ಕ ಇಡಿ, ಆದ್ರೆ ಅರ್ಧ ಗಂಟೆಯದ್ದನ್ನು ಅರ್ಧ ಗಂಟೆಗೆ ಹೋಲಿಸ್ಬೇಡಿ, ಕಾಂಡದಲ್ಲಿ ತುಂಬಿದ್ದ ನೀರು ಮೊದ್ಲು ಎಲೆಗೆ ಹೋಗುವ ಕಾರಣ ಬೆಳಿಗ್ಗೆ ತೂಕ ಮೊದ್ಲು ಇಳೀತದೆ, ಸೂಜಿ ಆಮೇಲೆ ಏಳ್ತದೆ. ಇಡೀ ದಿನದ್ದನ್ನು ಇಡೀ ದಿನಕ್ಕೆ ಹೋಲಿಸಿ.