ಶ್ವಾಸನಾಳದ ಕೋಶಗಳಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದ್ದು

ಅಸ್ತಮಾಗೆ ಎಳೆದುಕೊಳ್ಳುವ ಸ್ಟೀರಾಯ್ಡ್ ಮೊದಲು ಹೋಗಿ ಬೀಳುವುದು ಶ್ವಾಸನಾಳದ ಒಳಪದರದ ಜೀವಕೋಶಗಳ ಮೇಲೆ. ‘ಊತ ಇಳಿಸುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಆ ಕೋಶದೊಳಗೆ ಏನಾಗುತ್ತದೆ ಅಂತ ನೋಡುವುದೇ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ನನ್ನ ಕೆಲಸವಾಗಿತ್ತು.

ಕೋಶಗಳು ಡ್ರೈ ಐಸ್‌ನಲ್ಲಿ ವಿಮಾನದಲ್ಲಿ ಬರುತ್ತವೆ. ದೇವನಹಳ್ಳಿಯಿಂದ ಹೆಬ್ಬಾಳ ದಾಟಿ ಲ್ಯಾಬ್ ಸೇರುವವರೆಗೆ ನಮಗೆ ಜೀವದಲ್ಲಿ ಜೀವ ಇರುವುದಿಲ್ಲ. ಅವನ್ನು ಮಾಮೂಲಿ ಡಿಶ್‌ನಲ್ಲಿ ಬೆಳೆಸಿದರೆ ಚಪ್ಪಟೆಯಾಗಿ ಮಲಗಿಬಿಡುತ್ತವೆ, ಶ್ವಾಸನಾಳದ ಹಾಗೆ ಇರುವುದಿಲ್ಲ. ಅದಕ್ಕೆ ಇನ್ಸರ್ಟ್ ಬೇಕು. ಪುಟ್ಟ ಬಟ್ಟಲು, ತಳದಲ್ಲಿ 0.4 ಮೈಕ್ರಾನ್ ತೂತುಗಳ ಪೊರೆ. ಅದಕ್ಕೆ ಕೊಲಾಜೆನ್ ಬಳಿದು ಕೋಶ ಹಾಕಿ, ತಳ ಪೂರ್ತಿ ತುಂಬಿದ ಮೇಲೆ ಮೇಲಿನ ದ್ರವ ತೆಗೆದುಬಿಡಬೇಕು. ಕೆಳಗೆ ಮೀಡಿಯಂ, ಅಂದರೆ ಕೋಶಕ್ಕೆ ಆಹಾರ ಕೊಡುವ ದ್ರವ; ಮೇಲೆ ಗಾಳಿ. ಮೂರು ನಾಲ್ಕು ವಾರದಲ್ಲಿ ಸಿಲಿಯಾ ಅನ್ನುವ, ಲೋಳೆ ತಳ್ಳುವ ಪುಟ್ಟ ಕೂದಲುಗಳು ಮೂಡುತ್ತವೆ, ಲೋಳೆ ಬರುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಆ ಲೋಳೆ ತನ್ನಷ್ಟಕ್ಕೆ ಸುತ್ತುವುದು ಕಂಡ ದಿನ ಪಕ್ಕದ ಬೆಂಚಿನವರನ್ನೆಲ್ಲ ಕರೆದು ತೋರಿಸಿದ್ದೆ. ಲೋಳೆಯನ್ನು ವಾರಕ್ಕೊಮ್ಮೆ ಬಫರ್‌ನಲ್ಲಿ ಮೆಲ್ಲಗೆ ತೊಳೆಯಬೇಕು. ಮೀಡಿಯಂ ದಿನ ಬಿಟ್ಟು ದಿನ ಬದಲಾಯಿಸಬೇಕು. ದೀಪಾವಳಿಗೆ ಊರಿಗೆ ಹೋಗಬೇಕಾದರೆ ಇನ್ನೊಬ್ಬರನ್ನು ಕಾಡಿ ಬೇಡಿ ಒಪ್ಪಿಸಬೇಕು.

ಇಲ್ಲಿಯವರೆಗಿನದು ತಾಳ್ಮೆಯ ಕೆಲಸ, ಅಷ್ಟೇ. ನಿಜವಾದ ತೊಡಕು ಮೀಡಿಯಂನಲ್ಲೇ ಇದೆ. ಕೋಶ ಚೆನ್ನಾಗಿ ಬಲಿಯಲಿ ಅಂತ ಈ ಮೀಡಿಯಂಗೆ ಹೈಡ್ರೊಕಾರ್ಟಿಸೋನ್ ಹಾಕಿರುತ್ತಾರೆ. ಅದೂ ಸ್ಟೀರಾಯ್ಡೇ ಅಲ್ವಾ? ನಮ್ಮ ಮೈಯಲ್ಲೇ ತಯಾರಾಗುವ ಕಾರ್ಟಿಸಾಲ್ ಅದೇ. ಅಂದರೆ ವಾರಗಟ್ಟಲೆ ಸ್ಟೀರಾಯ್ಡ್ ಕುಡಿದ ಕೋಶಕ್ಕೆ ನಾವು ಮತ್ತೆ ಸ್ಟೀರಾಯ್ಡ್ ಕೊಟ್ಟು ‘ಏನಾಯ್ತು?’ ಅಂತ ಕೇಳುತ್ತೇವೆ. ಏನೂ ಆಗಿರುವುದಿಲ್ಲ, ಆಗಬೇಕಾದದ್ದು ಮೊದಲೇ ಆಗಿರುತ್ತದೆ. ಅದಕ್ಕೇ ನಾನು ಔಷಧಿ ಕೊಡುವ ಹಿಂದಿನ ದಿನವೇ ಹೈಡ್ರೊಕಾರ್ಟಿಸೋನ್ ಇಲ್ಲದ ಮೀಡಿಯಂಗೆ ಬದಲಾಯಿಸುತ್ತಿದ್ದೆ. ಹಾಗಂತ ತುಂಬ ದಿನ ಬಿಡುವ ಹಾಗೂ ಇಲ್ಲ. ಕೋಶಗಳ ನಡುವಿನ ಬಿಗಿ ಕಾಯುವುದರಲ್ಲಿ ಸ್ಟೀರಾಯ್ಡಿನ ಪಾಲೂ ಇದೆ. ಈ ವಿಚಾರದ ಪ್ರಬಂಧ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಮೀಡಿಯಂನ ವಿವರ. ಅಲ್ಲಿ ಹೈಡ್ರೊಕಾರ್ಟಿಸೋನ್ ಬಗ್ಗೆ ಮಾತೇ ಇಲ್ಲದಿದ್ದರೆ ‘ಸ್ಟೀರಾಯ್ಡಿಗೆ ಬಗ್ಗಲಿಲ್ಲ’ ಅನ್ನುವ ಫಲಿತಾಂಶವನ್ನು ನಾನು ನಂಬುವುದಿಲ್ಲ.

ನಾನು ಕೊಡುತ್ತಿದ್ದದ್ದು ಅಸ್ತಮಾಗೆ ಎಳೆದುಕೊಳ್ಳುವ ಸ್ಟೀರಾಯ್ಡುಗಳಲ್ಲಿ ಒಂದಾದ ಬ್ಯುಡೆಸೊನೈಡ್, 100 ನ್ಯಾನೊಮೋಲಾರ್. ಅದನ್ನು ಕರಗಿಸುವುದು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ. ಹಾಗಾಗಿ ಹೋಲಿಕೆಯ ಬಟ್ಟಲಿಗೆ ಅಷ್ಟೇ ಡಿಎಂಎಸ್‌ಒ ಹಾಕಬೇಕು. ಔಷಧಿ ಬೀಳುವ ಮುಂಚೆ ಬಣ್ಣ ಹಾಕಿ ನೋಡಿದರೆ ಸ್ಟೀರಾಯ್ಡ್ ಹಿಡಿಯುವ ರಿಸೆಪ್ಟರ್ ಹೆಚ್ಚಾಗಿ ನ್ಯೂಕ್ಲಿಯಸ್ಸಿನ ಹೊರಗಿರುತ್ತದೆ. ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ನೋಡಿ, ಬಹುಪಾಲು ನ್ಯೂಕ್ಲಿಯಸ್ಸಿನೊಳಗೆ ಸೇರಿರುತ್ತದೆ. ಹೈಡ್ರೊಕಾರ್ಟಿಸೋನ್ ಸರಿಯಾಗಿ ಹೋಗಿದೆಯೋ ಇಲ್ಲವೋ ಅನ್ನುವುದಕ್ಕೂ ಇದೇ ಪರೀಕ್ಷೆ.

ಒಂದು ಭಾನುವಾರ ಮಲ್ಲೇಶ್ವರದ ಅತ್ತೆ ಕೇಳಿದರು: “ಏನೇ, ನಿನ್ನ ಸೆಲ್‌ಗಳಿಗೂ ಪಂಪ್ ಹೊಡೀತೀಯಾ?” ಅವರಿಗೆ ನೀಲಿ ಪಂಪ್ ಅಂದರೆ ಪ್ರಾಣ. ಸ್ಟೀರಾಯ್ಡಿನದು “ಎಳ್ಕೊಂಡ್ರೂ ಏನೂ ಗೊತ್ತೇ ಆಗಲ್ಲ ಕಣೇ” ಅಂತ ಬದಿಗಿಡುತ್ತಿದ್ದರು. ನೀಲಿ ಪಂಪಿನ ಸಾಲ್ಬುಟಮಾಲ್ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಸ್ಟೀರಾಯ್ಡ್ ಜೀನ್‌ಗಳ ಮೂಲಕ ಕೆಲಸ ಮಾಡುತ್ತದೆ, ಅದಕ್ಕೆ ಗಂಟೆಗಳು ದಿನಗಳು ಬೇಕು. ‘ಜಿನಾ’ ಅನ್ನುವ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಿಂದ ದೊಡ್ಡವರಿಗೆ ಬರೀ ನೀಲಿ ಪಂಪಿನ ಚಿಕಿತ್ಸೆ ಬೇಡ ಅನ್ನುತ್ತಿದೆ. ಅತ್ತೆಗೆ ಇದನ್ನೆಲ್ಲ ಹೇಳಿದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಅಂತಲೂ ಹೇಳಿದೆ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು.

ಜೀನ್‌ಗಳ ವಿಷಯಕ್ಕೆ ಬರೋಣ. ಸ್ಟೀರಾಯ್ಡ್ ಎಲ್ಲವನ್ನೂ ಬಾಯಿ ಮುಚ್ಚಿಸುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಪಿಸಿಆರ್‌ನಲ್ಲಿ ಕಣ್ಣಿಗೆ ಹೊಡೆಯುವುದು ಏರುವ ಜೀನ್‌ಗಳೇ. ಎಫ್‌ಕೆಬಿಪಿ5 ಅನ್ನುವ ಜೀನ್ ಕೆಲವೇ ಗಂಟೆಗಳಲ್ಲಿ ಜಾಸ್ತಿಯಾಗುತ್ತದೆ. ಅದರಿಂದ ತಯಾರಾಗುವ ಪ್ರೋಟೀನ್ ರಿಸೆಪ್ಟರಿನ ಹಿಡಿತವನ್ನೇ ಸಡಿಲಿಸುತ್ತದೆ. ಔಷಧಿ ತನಗೆ ತಾನೇ ಬ್ರೇಕ್ ಹಾಕಿಕೊಂಡ ಹಾಗೆ.

ಅಸ್ತಮಾದ ವಾತಾವರಣ ಬೇಕಾದರೆ ಐಎಲ್-13 ಸೇರಿಸಬೇಕು, ಅದು ರೋಗನಿರೋಧಕ ಕೋಶಗಳು ಬಿಡುವ ಒಂದು ಸಂದೇಶ ಪ್ರೋಟೀನ್. ಮಿಲಿಲೀಟರಿಗೆ 10 ನ್ಯಾನೊಗ್ರಾಂನಂತೆ, ಕೆಲವು ದಿನ. ಆಗ ಲೋಳೆಯ ಕೋಶಗಳು ಹೆಚ್ಚುತ್ತವೆ. ಪೆರಿಯೊಸ್ಟಿನ್, ಸಿಎಲ್‌ಸಿಎ1, ಸರ್ಪಿನ್‌ಬಿ2 ಅನ್ನುವ ಮೂರು ಜೀನ್‌ಗಳು ಏರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸ್ಕಾಟ್ ವುಡ್ರಫ್ ತಂಡ 2007ರಲ್ಲಿ ಅಸ್ತಮಾ ಇರುವವರ ಶ್ವಾಸನಾಳವನ್ನು ಬ್ರಷ್‌ನಿಂದ ಉಜ್ಜಿ ತೆಗೆದ ಕೋಶಗಳಲ್ಲಿ ಇವೇ ಮೂರನ್ನು ಕಂಡಿತ್ತು. ಮೊದಲೇ ಈ ಮೂರು ಜಾಸ್ತಿ ಇದ್ದವರಿಗೆ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯಿತು. ಎಫ್‌ಕೆಬಿಪಿ5 ಜಾಸ್ತಿ ಇದ್ದವರಿಗೆ ಅಷ್ಟಾಗಿ ಹಿಡಿಯಲಿಲ್ಲ. ನನ್ನ ಬಟ್ಟಲುಗಳಲ್ಲೂ ಬ್ಯುಡೆಸೊನೈಡ್ ಕೊಟ್ಟಾಗ ಆ ಮೂರೂ ಇಳಿದವು. ಲೋಳೆಯ ಜೀನ್ ಎಂಯುಸಿ5ಎಸಿ ಮಾತ್ರ ಹಟ ಹಿಡಿದು ಕೂತಿತು. ಡಿಶ್‌ನಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಇಲ್ಲ, ಐಎಲ್-13 ಅನ್ನು ನಾವೇ ಸುರಿಯುತ್ತಿದ್ದೇವೆ. ಮೈಯಲ್ಲಾದರೆ ಅದನ್ನು ತಯಾರಿಸುವ ಕೋಶಗಳನ್ನೇ ಸ್ಟೀರಾಯ್ಡ್ ತಗ್ಗಿಸುತ್ತದೆ. ಹಾಗಾಗಿ ಲೋಳೆ ಇಳಿಯಲಿಲ್ಲ ಅಂದಕೂಡಲೇ ಔಷಧಿ ಸೋತಿತು ಅಂತ ಬರೆಯುವ ಹಾಗಿಲ್ಲ.

ಔಷಧಿ ತೆಗೆದ ಮೇಲೆ ಏನಾಗುತ್ತದೆ ಅಂತ ನೋಡುವವರು ಇನ್ನೊಂದು ವಿಷಯ ಗಮನಿಸಬೇಕು. ಬ್ಯುಡೆಸೊನೈಡ್ ಕೋಶದೊಳಗೆ ಕೊಬ್ಬಿನ ಆಮ್ಲದ ಜೊತೆ ಸೇರಿ ಕೂತಿರುತ್ತದೆ, ಆಮೇಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೀಡಿಯಂ ಬದಲಾಯಿಸಿದ ಕೂಡಲೇ ಅದು ಹೋಗಿರುವುದಿಲ್ಲ. ಫ್ಲೂಟಿಕಾಸೋನ್ ಅನ್ನುವ ಇನ್ನೊಂದು ಸ್ಟೀರಾಯ್ಡ್ ಹೀಗೆ ಸೇರಿಕೊಳ್ಳುವುದಿಲ್ಲ, ಆದ್ದರಿಂದ ಪಕ್ಕದಲ್ಲೇ ಅದರ ಬಟ್ಟಲುಗಳನ್ನೂ ಇಟ್ಟುಕೊಳ್ಳಿ.