ಕುರುಸಡೈ ಪಾಚಿಯ ಊರು ಹುಡುಕಿದ್ದು

ಕಪ್ಪಾಫೈಕಸ್ ಪಾಚಿಯಿಂದ ಡಿಎನ್‌ಎ ತೆಗೆಯಲು ನನಗೆ ಏಳು ವಾರ ಹಿಡಿಯಿತು. ಅದರ ಸೀಕ್ವೆನ್ಸ್, ಅಂದರೆ ಅಕ್ಷರಗಳ ಸಾಲು, ಓದಿ ಮುಗಿಸಲು ಒಂದು ಮಧ್ಯಾಹ್ನ ಸಾಕಾಯಿತು.

ಈ ಕೆಂಪು ಪಾಚಿ ಫಿಲಿಪ್ಪೀನ್ಸ್ ಮೂಲದ್ದು. 1984ರಲ್ಲಿ ಭಾವನಗರದ ಲವಣ ಸಂಶೋಧನಾ ಸಂಸ್ಥೆ ಇದನ್ನು ಜಪಾನ್ ಮಾರ್ಗವಾಗಿ ತರಿಸಿತು. ಮುಂದೆ ತಮಿಳುನಾಡಿನ ಮಂಡಪಂ ತೀರದಲ್ಲಿ ಬಿದಿರಿನ ತೆಪ್ಪಗಳ ಮೇಲೆ ಕೃಷಿ ಶುರುವಾಯಿತು. 45 ದಿನಕ್ಕೊಂದು ಕೊಯ್ಲು. 2008ರಲ್ಲಿ ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಇದು ಹಬ್ಬಿರುವುದು ವರದಿಯಾಯಿತು. ಹವಳಕ್ಕೆ ಬಿಸಿಲೇ ಸಿಗದಂತೆ ಕಂಬಳಿ ಹೊದಿಸಿದ ಹಾಗೆ ಬೆಳೆಯುತ್ತದೆ. ದ್ವೀಪದ ಪಾಚಿ ಎಲ್ಲಿಂದ ಬಂತೆಂದು ತಿಳಿಯಲು ಅಲ್ಲಿಂದ ತಂದ ತುಂಡುಗಳನ್ನೂ ತೆಪ್ಪದ ತುಂಡುಗಳನ್ನೂ ಹೋಲಿಸುವುದು ನನ್ನ ಕೆಲಸ.

ಕಷ್ಟ ಕೊಟ್ಟದ್ದು ಕ್ಯಾರಜೀನನ್, ಈ ಪಾಚಿಯೊಳಗಿನ ಲೋಳೆ. ಐಸ್‌ಕ್ರೀಮನ್ನು ಗಟ್ಟಿ ಮಾಡುವ ಅದೇ ವಸ್ತು ನನ್ನ ಟ್ಯೂಬನ್ನೂ ಗಟ್ಟಿ ಮಾಡಿತು. ಅರೆದ ಪಾಚಿಗೆ ದ್ರಾವಣ ಹಾಕಿದರೆ ಲೋಳೆಸರದಂಥ ಮುದ್ದೆ, ಪಿಪೆಟ್ಟಿಗೆ ಏರದು. ಹೆಚ್ಚು ಪಾಚಿ ಹಾಕಿದರೆ ಹೆಚ್ಚು ಡಿಎನ್‌ಎ ಸಿಗುತ್ತದೆಂದು ನೂರು ಮಿಲಿಗ್ರಾಂ ಅರೆಯುತ್ತಿದ್ದೆ. ಅದೇ ತಪ್ಪು. ಎಳೆಯ ತುದಿಯನ್ನಷ್ಟೇ ಕತ್ತರಿಸಿ, ಬ್ರಷ್‌ನಿಂದ ಅಂಟುಪಾಚಿ ಉಜ್ಜಿ ತೆಗೆದು, ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಇಪ್ಪತ್ತು ಮಿಲಿಗ್ರಾಂ ಮಾತ್ರ ತೆಗೆದುಕೊಂಡೆ. ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣದಲ್ಲಿ ಉಪ್ಪು ಹೆಚ್ಚಿಸಿದೆ. ಬಂದ ಡಿಎನ್‌ಎಯನ್ನು ಐವತ್ತು ಪಟ್ಟು ತೆಳು ಮಾಡಿದ ಮೇಲೆಯೇ ಅದನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಒಲಿಯಿತು; ಉಳಿದ ಲೋಳೆ ಕಿಣ್ವವನ್ನು ಕೆಲಸ ಮಾಡಲು ಬಿಡುತ್ತಿರಲಿಲ್ಲ.

ಓದಿದ್ದು ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಕಾಕ್ಸ್ 2, ಕಾಕ್ಸ್ 3 ಎಂಬ ಎರಡು ಜೀನ್‌ಗಳ ನಡುವಿನ ಸಣ್ಣ ಭಾಗ. ದ್ವೀಪದ್ದು, ತೆಪ್ಪದ್ದು ಎರಡೂ ಒಂದೇ. ಲೋಕದ ಹಲವು ಕಡೆ ಕೃಷಿಯಲ್ಲಿರುವ ತಳಿಯ ಸೀಕ್ವೆನ್ಸೂ ಅದೇ. ನಾನು ಮಂಡ್ಯದವಳು, ಆಶ್ಚರ್ಯ ಪಡಬಾರದಿತ್ತು: ಕಬ್ಬಿನ ಹಾಗೆ ಇದನ್ನೂ ತುಂಡು ಮಾಡಿಯೇ ನೆಡುತ್ತಾರೆ, ಬೀಜವಿಲ್ಲ; ಪ್ರತಿ ತುಂಡೂ ಮೂಲದ ನಕಲೇ. ಜಾಂಜಿಬಾರಿನಲ್ಲಿ ಆಫ್ರಿಕಾದ ಕಾಡುತಳಿಗೂ ಹೊರಗಿನಿಂದ ತಂದ ತಳಿಗೂ ಈ ಭಾಗದಲ್ಲಿ ವ್ಯತ್ಯಾಸವಿದೆ, ಅಲ್ಲಿ ಯಾವುದು ಎಲ್ಲಿಯದೆಂದು ಬೇರ್ಪಡಿಸಬಹುದು. ನನ್ನಲ್ಲಿ ಬೇರ್ಪಡಿಸಲು ಏನೂ ಇರಲಿಲ್ಲ.

ದೋಣಿಯವರು ಪ್ರತಿ ಸಲ ಕೇಳುತ್ತಿದ್ದರು, "ಯಾರ ತೆಪ್ಪದ್ದು ಮೇಡಂ, ಗೊತ್ತಾಯ್ತಾ?" ಕೃಷಿಯದ್ದೇ ಅನ್ನುವುದು ಗೊತ್ತಾಯಿತು, ಯಾರದ್ದು ಅನ್ನುವುದು ಗೊತ್ತಾಗಲಿಲ್ಲ. ವರದಿಯ ಕೋಷ್ಟಕದಲ್ಲಿ "ಮೂಲ ತೆಪ್ಪ" ಎಂದು ಒಂದು ಕಾಲಂ ಮೊದಲೇ ಹಾಕಿಟ್ಟಿದ್ದೆ. ಅಳಿಸಿದೆ.