ಹರಾಜಿನಲ್ಲಿ ನಾನು ನೋಡುವುದು ಹಿಂಬದಿ

ಹಳೆಯ ಪುಸ್ತಕ, ಹಳೆಯ ಉಡುಪು, ಚಿತ್ರಕಲೆ. ಈ ಮೂರನ್ನೂ ನಾನು ಹರಾಜಿನಲ್ಲೇ ಕೊಳ್ಳುತ್ತೇನೆ. ಸಾಮಾನ್ಯವಾಗಿ ಈ ಮೂರರ ಹಿಂದೆ ಬೀಳುವವರು ಬೇರೆ ಬೇರೆ ಜನ. ಪುಸ್ತಕದವರು ಬಟ್ಟೆಯ ಸಾಲಿನ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಮಾತ್ರ ಮೂರೂ ಒಂದೇ ಕೆಲಸ ಅನಿಸುತ್ತದೆ. ಮುಂಭಾಗ ಎಲ್ಲರಿಗೂ ಕಾಣುತ್ತದೆ, ಕ್ಯಾಟಲಾಗಿನ ಫೋಟೋದಲ್ಲೂ ಅದೇ ಇರುತ್ತದೆ. ಅದರ ಚೆಂದವನ್ನು ಲೆಕ್ಕ ಹಾಕಿಯೇ ಅಂದಾಜು ಬೆಲೆ ಬರೆದಿರುತ್ತಾರೆ. ಬೈಂಡಿನ ಸಂದಿಯಲ್ಲಿ, ಅಂಗಿಯ ಒಳಮೈಯಲ್ಲಿ, ಚಿತ್ರದ ಬೆನ್ನಲ್ಲಿ ಏನಿದೆ ಅನ್ನೋದು ಕೈಯಾರೆ ತಿರುವಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ಅದಕ್ಕೇ ನನಗೆ ಹರಾಜಿನ ದಿನಕ್ಕಿಂತ ಅದಕ್ಕೆ ಮುಂಚಿನ ವೀಕ್ಷಣೆಯ ದಿನಗಳು ಮುಖ್ಯ. ಚೀಲದಲ್ಲಿ ಸಣ್ಣ ಟಾರ್ಚು, ಭೂತಗನ್ನಡಿ, ಬಟ್ಟೆ ಅಳೆಯುವ ಟೇಪು, ಪೆನ್ಸಿಲ್ಲು ಇರುತ್ತವೆ. ಪೆನ್ನು ಬೇಡ. ಹಳೆಯ ಕಾಗದದ ಹತ್ತಿರ ಶಾಯಿ ಸುಳಿಯಲೇಬಾರದು. ಪುಸ್ತಕ ಮುಟ್ಟಲು ಬಿಳಿ ಗವಸು ಬೇಕು ಅಂತ ಸಿನಿಮಾ ನೋಡಿದವರು ಅಂದುಕೊಳ್ಳುತ್ತಾರೆ. ದೊಡ್ಡ ಗ್ರಂಥಾಲಯಗಳು ಈಗ ಸಾಮಾನ್ಯವಾಗಿ ಹೇಳುವುದು, ತೊಳೆದು ಒರೆಸಿಕೊಂಡ ಬರಿಗೈ ಸಾಕು ಅಂತ. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಸುಮ್ನೆ ಹರಿಯುತ್ತದೆ.

ಪುಸ್ತಕದಲ್ಲಿ ಮೊದಲ ಕೆಲಸ ಹಾಳೆ ಎಣಿಸುವುದು. ಬೇಸರದ ಕೆಲಸವೇ. ಆದರೆ ಇದೊಂದನ್ನು ಬಿಟ್ಟು ಬೇರೆಲ್ಲ ಮಾಡಿದರೂ ಪ್ರಯೋಜನವಿಲ್ಲ. ಹಳೆಯ ಪುಸ್ತಕಗಳಲ್ಲಿ ಮಡಿಸಿದ ಹಾಳೆಗಳ ಒಂದೊಂದು ಕಟ್ಟಿಗೂ ಪುಟದ ಕೆಳಗೆ ಒಂದಕ್ಷರದ ಗುರುತು ಇರುತ್ತದೆ. ಎ ಆದ ಮೇಲೆ ಬಿ, ಆಮೇಲೆ ಸಿ. ಇದು ಬೈಂಡು ಮಾಡುವವನಿಗಾಗಿ ಹಾಕಿದ ಗುರುತು. ಮುದ್ರಕರು ಪುಟಸಂಖ್ಯೆಯಲ್ಲಿ ಎಡವುತ್ತಿದ್ದದ್ದು ಸಾಮಾನ್ಯ, ಹಾಗಾಗಿ ನಾನು ಈ ಅಕ್ಷರಗಳನ್ನೇ ಜಾಸ್ತಿ ನಂಬುತ್ತೇನೆ. ಸಾಲಿನಲ್ಲಿ ಡಬ್ಲ್ಯೂ ಕಾಣದಿದ್ದರೆ ಹೆದರಬೇಕಿಲ್ಲ. ಆಗಿನ ಮುದ್ರಕರು ಈ ಗುರುತಿಗೆ ಬಳಸುತ್ತಿದ್ದದ್ದು 23 ಅಕ್ಷರಗಳ ಲ್ಯಾಟಿನ್ ವರ್ಣಮಾಲೆ. ಐ ಮತ್ತು ಜೆಗೆ ಒಂದೇ ಗುರುತು, ಯು ಮತ್ತು ವಿಗೆ ಒಂದೇ. ಡಬ್ಲ್ಯೂ ಇಲ್ಲವೇ ಇಲ್ಲ.

ಚಿತ್ರ, ನಕ್ಷೆ ಇರುವ ಪುಸ್ತಕವಾದರೆ ಇನ್ನೂ ಎಚ್ಚರ. ಬಿಡಿಬಿಡಿಯಾಗಿ ಕತ್ತರಿಸಿ ಚೌಕಟ್ಟು ಹಾಕಿ ಮಾರಿದರೆ ದುಡ್ಡು ಜಾಸ್ತಿ ಬರುತ್ತದೆ ಅಂತ ಎಷ್ಟೋ ಹಳೆಯ ಪ್ರವಾಸಕಥನಗಳನ್ನು, ಗಿಡಮರಗಳ ಪುಸ್ತಕಗಳನ್ನು ಹರಿದುಹಾಕಿದ್ದಾರೆ. ಒಳಗೆ ಚಿತ್ರಗಳ ಪಟ್ಟಿ ಇದ್ದರೆ ಒಂದೊಂದನ್ನೂ ತಾಳೆ ನೋಡುತ್ತೇನೆ. ಹೊಲಿಗೆಯ ಹತ್ತಿರ ಸಣ್ಣದೊಂದು ಕಾಗದದ ತುಂಡು ಉಳಿದಿದ್ದರೆ ಅಲ್ಲಿ ಹಾಳೆ ಹೋಗಿರಬಹುದು. ಚಿತ್ರ ಅಂಟಿಸಲೆಂದೇ ಬಿಟ್ಟ ತುಂಡೂ ಆಗಿರಬಹುದು. ಹಿಂದುಮುಂದಿನ ಪುಟ ಓದಿದರೆ ಯಾವುದೆಂದು ತಿಳಿಯುತ್ತದೆ. 'ಎಲ್ಲ ದೋಷಗಳ ಸಮೇತ' ಅನ್ನೋ ಷರತ್ತಿನಲ್ಲಿ ಮಾರುವ ಲಾಟ್ (ಹರಾಜಿನಲ್ಲಿ ಒಂದು ನಂಬರಿನಡಿ ಮಾರುವ ವಸ್ತು) ಆದರಂತೂ, ಆಮೇಲೆ ಹಾಳೆ ಇಲ್ಲ ಅಂತ ವಾಪಸು ಕೊಡಲು ಬರುವುದಿಲ್ಲ.

ಇನ್ನೊಂದು ಪರೀಕ್ಷೆ ಬೆಳಕಿನದು. 18ನೇ ಶತಮಾನದ ಮಧ್ಯಕ್ಕಿಂತ ಹಳೆಯ ಯುರೋಪಿನ ಕಾಗದವನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಗೆರೆಗಳು ಕಾಣುತ್ತವೆ. ಕಾಗದ ಎತ್ತುವ ತಂತಿಜಾಲರಿ ಬಿಟ್ಟ ಗುರುತು ಅದು. ಇಡೀ ಪುಸ್ತಕದಲ್ಲಿ ಗೆರೆ ಇದ್ದು ಶೀರ್ಷಿಕೆ ಪುಟದಲ್ಲಿ ಮಾತ್ರ ಇಲ್ಲದಿದ್ದರೆ, ಆ ಪುಟ ಆಮೇಲೆ ಸೇರಿಸಿದ ನಕಲು ಇರಬಹುದು. ಕಾಗದದ ವಿಷಯದಲ್ಲಿ ವಯಸ್ಸನ್ನು ನಂಬಬಾರದು. 17ನೇ ಶತಮಾನದ ಹಾಳೆ ಎಷ್ಟೋ ಸಲ ಗಟ್ಟಿಯಾಗಿ ಬೆಳ್ಳಗಿರುತ್ತದೆ, 1890ರ ಹಾಳೆ ಮುಟ್ಟಿದರೆ ಉದುರುತ್ತದೆ. ಹಳೆಯದು ಚಿಂದಿಬಟ್ಟೆಯ ನಾರಿನ ಕಾಗದ. 19ನೇ ಶತಮಾನದ ಮಧ್ಯದಿಂದ ಮರದ ತಿರುಳಿನದು ಬಂತು, ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಅಂಚು ಚೂರುಚೂರಾಗಿ ಉದುರುತ್ತಿದ್ದರೆ ಎಷ್ಟೇ ಅಪರೂಪದ್ದಾದರೂ ನಾನು ಬೆಲೆ ಕೂಗುವುದಿಲ್ಲ.

20ನೇ ಶತಮಾನದ ಪುಸ್ತಕಕ್ಕೆ ಲೆಕ್ಕವೇ ಬೇರೆ. ಅಲ್ಲಿ ಹೊರಗಿನ ಕಾಗದದ ಜಾಕೆಟ್ಟೇ ರಾಜ. ಓದುವವರು ಕಿತ್ತು ಬಿಸಾಡುತ್ತಿದ್ದದ್ದು ಅದನ್ನೇ, ಹಾಗಾಗಿ ಉಳಿದದ್ದು ಕಡಿಮೆ. ಹೆಸರುವಾಸಿ ಪುಸ್ತಕದ ಮೊದಲ ಮುದ್ರಣದಲ್ಲಿ ಜಾಕೆಟ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಬೆಲೆಯಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬರಬಹುದು. ಮುಂದಿನ ಮುದ್ರಣದ ಜಾಕೆಟ್ಟನ್ನು ತಂದು ಮೊದಲ ಮುದ್ರಣಕ್ಕೆ ತೊಡಿಸುವವರೂ ಇದ್ದಾರೆ. ಜಾಕೆಟ್ಟಿನ ಒಳಮಡಿಕೆಯಲ್ಲಿ ಅಚ್ಚಾದ ಬೆಲೆ, ಹಿಂಬದಿಯಲ್ಲಿರುವ ಬೇರೆ ಪುಸ್ತಕಗಳ ಜಾಹೀರಾತು ನೋಡಿದರೆ ಈ ಆಟ ಸಿಕ್ಕಿಬೀಳುತ್ತದೆ. ಆಮೇಲೆ ಬಂದ ಪುಸ್ತಕದ ಜಾಹೀರಾತು ಮೊದಲ ಜಾಕೆಟ್ಟಿನಲ್ಲಿ ಇರೋದು ಹೇಗೆ, ಅಲ್ವಾ?

ಉಡುಪನ್ನು ಕೈಗೆತ್ತಿಕೊಂಡ ತಕ್ಷಣ ಒಳಮೈ ಹೊರಗೆ ಮಾಡುತ್ತೇನೆ. ಮಾರುವವರು '1940ರ ಫ್ರಾಕ್' ಅನ್ನುತ್ತಾರೆ, ಹೊಲಿಗೆ ಬೇರೆ ಏನೋ ಹೇಳುತ್ತದೆ. ಆ ಕಾಲದ ಫ್ರಾಕಿನಲ್ಲಿ ಜಿಪ್ ಇದ್ದರೆ ಅದು ಲೋಹದ್ದು, ಸಾಮಾನ್ಯವಾಗಿ ಸೊಂಟದ ಪಕ್ಕದಲ್ಲಿರುತ್ತದೆ. ನೈಲಾನ್ ಜಿಪ್ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿ ಮಾರುವ ಬಟ್ಟೆಗೆ ಒಗೆಯುವ ವಿಧಾನದ ಲೇಬಲ್ ಕಡ್ಡಾಯ ಮಾಡುವ ನಿಯಮ ಬಂದದ್ದು 1971ರಲ್ಲಿ. ಬ್ರಿಟನ್ನಿನಲ್ಲಿ ಯುದ್ಧಕಾಲದ ಪಡಿತರದ ಉಡುಪಿಗೆ 1941ರಿಂದ 'ಸಿಸಿ41' ಮುದ್ರೆ ಹಾಕುತ್ತಿದ್ದರು. ಆದರೆ ಒಂದೇ ಸಾಕ್ಷಿ ಹಿಡಿದು ತೀರ್ಪು ಕೊಡಬಾರದು. ಕೆಟ್ಟ ಜಿಪ್ ತೆಗೆದು ಹೊಸದು ಹಾಕಿಸಿರುತ್ತಾರೆ, ಒಂದರ ಲೇಬಲ್ ಇನ್ನೊಂದಕ್ಕೆ ಹೊಲಿದಿರುತ್ತಾರೆ. ಅದಕ್ಕೇ ಭೂತಗನ್ನಡಿ ಹಿಡಿದು ಹಳೆಯ ಸೂಜಿತೂತು ಹುಡುಕುತ್ತೇನೆ. ತೂತಿನ ಸಾಲು ಒಂದು ಕಡೆ, ದಾರದ ಸಾಲು ಇನ್ನೊಂದು ಕಡೆ ಇದ್ದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ.

ಆಮೇಲೆ ಕಂಕುಳು. ಬೆವರಿನ ಕಲೆ ಇದ್ದಲ್ಲಿ ಬಟ್ಟೆಯ ಜೀವವೂ ಹೋಗಿರುತ್ತದೆ. 19ನೇ ಶತಮಾನದ ಕೊನೆ, 20ರ ಆರಂಭದ ರೇಷ್ಮೆಯಲ್ಲಿ ಇದಕ್ಕಿಂತ ದೊಡ್ಡ ರೋಗವಿದೆ. ತೂಕ ಬರಲಿ, ಚೆನ್ನಾಗಿ ಇಳಿಬೀಳಲಿ ಅಂತ ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ಮಡಿಕೆ ಇದ್ದಲ್ಲೆಲ್ಲ ಉದ್ದುದ್ದ ಪಿಸಿಯುತ್ತದೆ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ನಿಲ್ಲುವುದಿಲ್ಲ. ನಾನದನ್ನು ದೂರದಿಂದಲೇ ನೋಡಿ ಸಂತೋಷಪಡುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳಬಹುದಾದ ದೋಷ ಅಂದರೆ ಬಿಚ್ಚಿದ ಹೊಲಿಗೆ, ಬಿದ್ದ ಗುಂಡಿ, ಇಳಿದ ಅಂಚು. ಲೇಬಲ್ಲಿನ ಸೈಜು ನಂಬುವುದೇ ಇಲ್ಲ, ಹಳೆಯ ನಂಬರಿಗೂ ಈಗಿನದಕ್ಕೂ ಸಂಬಂಧವಿಲ್ಲ. ಎದೆ, ಸೊಂಟ, ಭುಜ ಟೇಪಿನಲ್ಲೇ ಅಳೆಯುತ್ತೇನೆ.

ತಂದ ಉಣ್ಣೆ, ರೇಷ್ಮೆಯನ್ನು ನೇರ ಕಪಾಟಿಗೆ ಸೇರಿಸುವಂತಿಲ್ಲ. ಒಂದು ನುಸಿಹುಳದ ಮೊಟ್ಟೆ ಸಾಕು, ಉಳಿದದ್ದೆಲ್ಲ ಜರಡಿಯಾಗುತ್ತದೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ವಾರಕ್ಕೂ ಜಾಸ್ತಿ ಇಡುತ್ತೇನೆ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚುವುದಿಲ್ಲ, ಇಲ್ಲದಿದ್ದರೆ ಬಟ್ಟೆಯ ಮೇಲೇ ನೀರು ಕಟ್ಟುತ್ತದೆ. ಮಣಿ ಹೊಲಿದ ಉಡುಪನ್ನು ನೇತುಹಾಕುವುದಿಲ್ಲ. ಅದರ ಭಾರಕ್ಕೆ ಭುಜವೇ ಹರಿಯುತ್ತದೆ.

ಚಿತ್ರಕಲೆಯಲ್ಲಿ ಬೆನ್ನು ನೋಡುವ ಮೊದಲು ಕ್ಯಾಟಲಾಗಿನ ಸಾಲನ್ನು ಓದಬೇಕು. ಕಲಾವಿದನ ಹೆಸರು ಒಂದೇ ಇದ್ದರೆ, ಇದು ಅವನದೇ ಅನ್ನೋದು ಹರಾಜು ಮನೆಯ ಅಭಿಪ್ರಾಯ. 'ಅವನದೆಂದು ಹೇಳಲಾದ' ಅಂದರೆ ಬಹುಶಃ. 'ಅವನ ಸ್ಟುಡಿಯೊದ' ಅಂದರೆ ಅವನ ಕಣ್ಣೆದುರು ಬೇರೆಯವರು ಮಾಡಿದ್ದಿರಬಹುದು. 'ಅವನ ಬಳಗದ', 'ಅವನ ಶೈಲಿಯ' ಅಂತ ಹೀಗೇ ಕೆಳಗಿಳಿಯುತ್ತದೆ. ಒಂದೊಂದು ಮೆಟ್ಟಿಲಿಗೂ ಬೆಲೆ ಬೇರೆ. 'ಸಾಲ್ವಟೋರ್ ಮುಂಡಿ' ಚಿತ್ರ 1958ರಲ್ಲಿ 45 ಪೌಂಡಿಗೆ ಹೋಗಿತ್ತು. ಲಿಯೊನಾರ್ಡೊ ಡ ವಿಂಚಿಯದು ಅಂತ ಹೆಸರು ಬಿದ್ದ ಮೇಲೆ 2017ರಲ್ಲಿ ಕ್ರಿಸ್ಟೀಸ್ ಹರಾಜು ಮನೆಯಲ್ಲಿ 45 ಕೋಟಿ ಡಾಲರ್ ದಾಟಿತು. ಎಷ್ಟು ಭಾಗ ಅವನ ಕೈಯದು ಅನ್ನೋ ಜಗಳ ಆಮೇಲೂ ನಡೆದೇ ಇದೆ.

ಬೆನ್ನಲ್ಲಿ ನಾನು ಹುಡುಕುವುದು ಹಳೆಯ ಗ್ಯಾಲರಿ ಚೀಟಿ, ಹಿಂದಿನ ಹರಾಜಿನ ನಂಬರು, ಮರದ ಬಣ್ಣ, ಮೊಳೆಯ ತುಕ್ಕು. ಹಳೆಯ ಮರಕ್ಕೆ ಹೊಸ ಕ್ಯಾನ್ವಾಸ್ ಬಿಗಿದಿದ್ದರೆ ಹಳೆಯ ಮೊಳೆತೂತುಗಳು ಕ್ಯಾನ್ವಾಸಿಗೆ ಹೊಂದುವುದಿಲ್ಲ. ಚೀಟಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಜರ್ಮನಿಯ ನಕಲುಗಾರ ವೋಲ್ಫ್‌ಗ್ಯಾಂಗ್ ಬೆಲ್ಟ್ರಾಕಿ ಹಳೆಯ ಸಂಗ್ರಹದ ಸುಳ್ಳು ಚೀಟಿಗಳನ್ನೂ ಅಂಟಿಸುತ್ತಿದ್ದ. ಕೊನೆಗೆ ಅವನನ್ನು ಹಿಡಿದುಕೊಟ್ಟದ್ದು ಟೈಟಾನಿಯಂ ಬಿಳಿ ಬಣ್ಣ. 1914ರದು ಅಂತ ಹೇಳಿದ ಚಿತ್ರದಲ್ಲಿ, ಆ ವರ್ಷ ಇನ್ನೂ ಮಾರುಕಟ್ಟೆಗೇ ಬಾರದ ಬಣ್ಣ ಸಿಕ್ಕಿತು. 2011ರಲ್ಲಿ ಅವನಿಗೆ 6 ವರ್ಷ ಶಿಕ್ಷೆಯಾಯಿತು. ನನ್ನಂಥವರು ಕೊಳ್ಳುವುದು ಹೆಚ್ಚಾಗಿ ಮುದ್ರಿತ ಕಲಾಕೃತಿ, ಅಂದರೆ ಕಲಾವಿದನೇ ಅಚ್ಚು ತಯಾರಿಸಿ ಕಾಗದಕ್ಕೆ ಒತ್ತಿದ ಚಿತ್ರ. ಅಲ್ಲಿ ಭೂತಗನ್ನಡಿ ಸಾಕು. ಚಿತ್ರವೆಲ್ಲ ಸಾಲುಸಾಲು ಚುಕ್ಕಿಯಾಗಿ ಕಂಡರೆ ಅದು ಫೋಟೋ ತೆಗೆದು ಅಚ್ಚು ಹಾಕಿದ ಪ್ರತಿ. ಕೆಳಗೆ ಪೆನ್ಸಿಲಿನ ಸಹಿ ಇದ್ದರೂ ಅಷ್ಟೇ.

ದಂತ, ಆಮೆಚಿಪ್ಪು, ಕಾಡುಪ್ರಾಣಿಯ ತುಪ್ಪಳ ಇರುವ ಲಾಟ್‌ಗಳನ್ನು ನಾನು ಬಿಟ್ಟುಬಿಡುತ್ತೇನೆ. ಇವುಗಳಲ್ಲಿ ಬಹುಪಾಲು ಸೈಟಿಸ್ ಅನ್ನೋ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬರುತ್ತವೆ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ವಸ್ತುವೂ ಹೋಯಿತು, ದುಡ್ಡೂ ಹೋಯಿತು.

ಇನ್ನು ದುಡ್ಡಿನ ಲೆಕ್ಕ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರು ಹರಾಜು ಮನೆಗೆ ಕಮಿಷನ್ ಕೊಡಬೇಕು. ಕ್ರಿಸ್ಟೀಸ್, ಸೋಥೆಬೀಸ್ ಲಂಡನ್ನಿನಲ್ಲಿ ಇದನ್ನು ಶುರು ಮಾಡಿದ್ದು 1975ರಲ್ಲಿ, ಆಗ 10 ಪರ್ಸೆಂಟ್. ಈಗ ಅಲ್ಲಿ ಹೆಚ್ಚಿನ ಲಾಟ್‌ಗಳಿಗೆ ಕಾಲು ಭಾಗಕ್ಕೂ ಜಾಸ್ತಿ. ಅದರ ಮೇಲೆ ತೆರಿಗೆ, ಸಾಗಣೆ, ವಿಮೆ. ಹಾಗಾಗಿ ನಾನು ಉಲ್ಟಾ ಲೆಕ್ಕ ಹಾಕುತ್ತೇನೆ. ಕೈಯಲ್ಲಿ 125 ಇದ್ದು ಕಮಿಷನ್ 25 ಪರ್ಸೆಂಟ್ ಆದರೆ ಕೂಗು 100ಕ್ಕೆ ನಿಲ್ಲಬೇಕು. ತೆರಿಗೆ, ಸಾಗಣೆ ಸೇರಿದರೆ ಅದಕ್ಕೂ ಕೆಳಗೆ. ಆ ಸಂಖ್ಯೆಯನ್ನು ಕ್ಯಾಟಲಾಗಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು ಸುತ್ತು ಹಾಕುತ್ತೇನೆ. ಹೋಗಲಾಗದಿದ್ದರೆ ಗರಿಷ್ಠ ಬೆಲೆಯನ್ನು ಮುಂಚೆಯೇ ಬರೆದುಕೊಡುತ್ತೇನೆ. ಇಬ್ಬರು ಒಂದೇ ಮೊತ್ತ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಕೊಟ್ಟವರಿಗೆ ಸಿಗುತ್ತದೆ, ಹಾಗಾಗಿ ತಡ ಮಾಡುವುದಿಲ್ಲ.

ಶುರುವಿನ ಕೂಗುಗಳನ್ನು ಕೇಳಿ ಪೈಪೋಟಿ ಇದೆ ಅಂತ ಬಿಸಿಯಾಗಬೇಡಿ. ಮಾರುವವರ ಗುಟ್ಟಿನ ಕನಿಷ್ಠ ಬೆಲೆ ಮುಟ್ಟುವವರೆಗೆ ಹರಾಜುಗಾರ ಅವರ ಪರವಾಗಿ ತಾನೇ ಬೆಲೆ ಏರಿಸಬಹುದು. ಆ ಕನಿಷ್ಠ ಬೆಲೆ ದೊಡ್ಡ ಹರಾಜುಗಳಲ್ಲಿ ಅಂದಾಜಿನ ಕೆಳಗಿನ ಅಂಕಿಗಿಂತ ಮೇಲೆ ಇರುವುದಿಲ್ಲ. ಅಷ್ಟೂ ಮುಟ್ಟದಿದ್ದರೆ ಲಾಟ್ ಮಾರಾಟವಾಗದೆ ಉಳಿಯುತ್ತದೆ. ನನಗೆ ಇಂಥವೇ ಇಷ್ಟ. ಮರುದಿನ ಬೆಳಗ್ಗೆ ಫೋನ್ ಮಾಡಿ, ಉಳಿದ ಲಾಟ್‌ನ ನಂಬರು ಹೇಳಿ, ನನ್ನ ಬೆಲೆ ಹೇಳುತ್ತೇನೆ. ಅವರು ಮಾಲೀಕರನ್ನು ಕೇಳಿ ತಿಳಿಸುತ್ತಾರೆ. ಮತ್ತೆ ಸಾಗಿಸಿಕೊಂಡು ಹೋಗುವ ಖರ್ಚು ಬೇಡ ಅಂತ ಮಾಲೀಕರು ಒಪ್ಪುವುದೂ ಉಂಟು. ವೀಕ್ಷಣೆಯಲ್ಲಿ ಹಾಳೆ ಎಣಿಸಿ, ಒಳಮೈ ತಿರುವಿ ಬರೆದುಕೊಂಡ ಟಿಪ್ಪಣಿ ಕೈಯಲ್ಲಿದ್ದರೆ ಯಾವುದನ್ನು ಕೇಳಬೇಕು ಅಂತ ಯೋಚಿಸುತ್ತ ಕೂರಬೇಕಿಲ್ಲ.